ಕಪಾಟಿನ ಹಳೆ ನೆಗೆಟಿವ್‌ಗಳಿಂದ ಊರಿನ ನೋಟ ಹೊರತೆಗೆದು ಹಂಚುವುದು ಹೇಗೆ: ಕರಾವಳಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಅಜ್ಜನ ಕಾಲದ ನೆಗೆಟಿವ್ ಕಟ್ಟು ಸಿಕ್ಕಿದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ: ಕವರಿನಿಂದ ಹೊರಗೆಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲಿನಲ್ಲಿ ಹೊಡೆದು, ಕುಟುಂಬದ ಗ್ರೂಪಿಗೆ ಹಾಕಿ, ಕೊನೆಗೆ 'ಇದು ಎಲ್ಲಿಯದು?' ಎಂದು ಕೇಳುವುದು. ಅಷ್ಟು ಹೊತ್ತಿಗೆ ಜಾಗದ ಸುಳಿವಿದ್ದ ಕವರು ಕಸದ ಬುಟ್ಟಿಯಲ್ಲಿರುತ್ತದೆ, ನೀರು ತಾಗಿದ ಕಡೆ ಚಿತ್ರವೇ ಎದ್ದುಹೋಗಿರುತ್ತದೆ. ಊರಿನ ನೋಟದ ಚಿತ್ರಕ್ಕೆ ಜಾಗ, ದಿಕ್ಕು, ಕಾಲ ಇಲ್ಲದಿದ್ದರೆ ಅದು ಯಾವುದೋ ತೆಂಗಿನ ಮರದ ಚಿತ್ರ, ಅಷ್ಟೆ. ಹಾಗಾಗಿ ಇಲ್ಲಿನ ಕ್ರಮ ಹೀಗಿದೆ: ಮೊದಲು ದಾಖಲಿಸಿ, ಆಮೇಲೆ ವಿಂಗಡಿಸಿ, ಆಮೇಲೆ ಮುಟ್ಟಿ, ಆಮೇಲೆ ಸ್ಕ್ಯಾನ್ ಮಾಡಿ, ಜಾಗ ಗೊತ್ತಾದ ಮೇಲೆ ಹಂಚಿ. ಹಂತ ಹಾರಿಸಬೇಡಿ.

ಮೊದಲೇ ಕೈಯಲ್ಲಿ ಇರಬೇಕಾದ್ದು

ಪುಡಿ ಇಲ್ಲದ ನೈಟ್ರೈಲ್ ಕೈಗವಸು, ಗಾಳಿ ಊದುವ ರಬ್ಬರ್ ಬ್ಲೋವರ್, ಮೆತ್ತನೆಯ ಅಗಲ ಬ್ರಷ್, ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಪ್ಯಾಡ್ ಅಥವಾ ಶುದ್ಧ ಹತ್ತಿ, 8 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಎಲ್‌ಇಡಿ ಲೈಟ್ ಪ್ಯಾಡ್, ಮೆತ್ತನೆಯ ಪೆನ್ಸಿಲ್, ಪಾಲಿಪ್ರೊಪಿಲೀನ್ ಸ್ಲೀವ್, ತೇವಮಾಪಕ. ಸ್ಯಾನಿಟೈಸರ್ ಅಥವಾ ಶೇಕಡಾ 70ರ ಸ್ಪಿರಿಟ್ ಆಗದು. ಉಳಿದ ಶೇಕಡಾ 30 ನೀರು, ನಮ್ಮ ಫಿಲ್ಮಿಗೆ ದೊಡ್ಡ ಶತ್ರು ಅದೇ. ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಕೋಣೆಯೊಳಗೂ ಬೇಡ. ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲ್ಮನ್ನೇ ಕರಗಿಸುತ್ತದೆ.

ಹಂತ 1: ದಿನ ಮತ್ತು ಜಾಗ ಆರಿಸಿ

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಿತ್ರವಿರುವ ಪದರ ಜಿಲೆಟಿನ್. ತೇವ ಹೀರಿ ಉಬ್ಬುತ್ತದೆ, ಅಂಟಾಗುತ್ತದೆ, ಬೂಷ್ಟಿಗೆ ಆಹಾರವಾಗುತ್ತದೆ. ಆದ್ದರಿಂದ ಆಟಿ ತಿಂಗಳ ಜಡಿಮಳೆಯಲ್ಲಿ ಪೆಟ್ಟಿಗೆ ಬಿಚ್ಚಬೇಡಿ. ಡಿಸೆಂಬರ್‌ನಿಂದ ಫೆಬ್ರವರಿಯ ಒಣ ಹಗಲು ಒಳ್ಳೆಯದು. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಎಸಿ ಕೋಣೆಯಲ್ಲಿ, ತೇವಮಾಪಕ ಶೇಕಡಾ 55ಕ್ಕಿಂತ ಕೆಳಗಿಳಿದ ಮೇಲೆ ಶುರು ಮಾಡಿ.

ಸೀಲಿಂಗ್ ಫ್ಯಾನ್ ಆಫ್ ಮಾಡಿ. ಸ್ಕ್ಯಾನಿನಲ್ಲಿ ಕಾಣುವ ಧೂಳಿನಲ್ಲಿ ದೊಡ್ಡ ಪಾಲು ಫ್ಯಾನಿನ ರೆಕ್ಕೆಯದ್ದು.

ಹಂತ 2: ಸಿಕ್ಕಿದ ಹಾಗೆಯೇ ದಾಖಲಿಸಿ

ಏನನ್ನೂ ಹೊರತೆಗೆಯುವ ಮುನ್ನ ಪೆಟ್ಟಿಗೆಯ ಫೋಟೊ ತೆಗೆಯಿರಿ. ನಂತರ ಪ್ರತಿ ಕವರಿನ ಎರಡೂ ಬದಿ, ಪ್ರತಿ ಸ್ಲೈಡಿನ ಚೌಕಟ್ಟಿನ ಎರಡೂ ಬದಿ. ಸ್ಟುಡಿಯೊದ ಮೊಹರು, ರಸೀದಿ ಸಂಖ್ಯೆ, ಮೂಲೆಯಲ್ಲಿ ಪೆನ್ನಿನಲ್ಲಿ ಗೀಚಿದ ಒಂದು ಹೆಸರು, ಇವೆಲ್ಲ ಮುಂದೆ 7ನೇ ಹಂತದಲ್ಲಿ ಬೇಕೇ ಬೇಕು. ಕವರಿಗೆ ಒರಲೆ ಹಿಡಿದಿದ್ದರೂ ಫೋಟೊ ತೆಗೆಯದೆ ಬಿಸಾಡಬೇಡಿ.

ಪ್ರತಿ ಕವರಿಗೆ ಒಂದು ಸಂಖ್ಯೆ, ಅದರೊಳಗಿನ ಪ್ರತಿ ಫಿಲ್ಮ್ ಪಟ್ಟಿಗೆ ಒಂದು, ಫ್ರೇಮಿಗೆ ಫಿಲ್ಮಿನ ಅಂಚಿನಲ್ಲೇ ಅಚ್ಚಾದ ಸಂಖ್ಯೆ. 03-02-17 ಎಂದರೆ ಮೂರನೇ ಕವರು, ಎರಡನೇ ಪಟ್ಟಿ, 17ನೇ ಫ್ರೇಮ್. ಕೊನೆಯವರೆಗೂ ಇದೇ ಸಂಖ್ಯೆ ಇರಲಿ.

ಪಟ್ಟಿಗಳನ್ನು ಕತ್ತರಿಸಿ ಒಂದೊಂದು ಫ್ರೇಮ್ ಬೇರೆ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಒಂದು ರೋಲಿನ 36 ಫ್ರೇಮ್‌ಗಳೆಂದರೆ ಒಂದು ತಿರುಗಾಟದ ದಾರಿ. 11ರಲ್ಲಿ ಮಲ್ಪೆಯ ಧಕ್ಕೆ, 15ರಲ್ಲಿ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಇದ್ದರೆ, ನಡುವಿನ 13ರಲ್ಲಿ ಬರಿಯ ನೀರು, ದೂರದ ದಡ ಮಾತ್ರ ಇದ್ದರೂ ಅದು ಎಲ್ಲಿಂದ ತೆಗೆದದ್ದೆಂದು ಊಹಿಸಬಹುದು. ಲ್ಯಾಬಿನವರು ನಾಲ್ಕು ಅಥವಾ ಆರು ಫ್ರೇಮಿನ ತುಂಡು ಮಾಡಿಕೊಟ್ಟಿದ್ದರೆ ಅಂಚಿನ ಸಂಖ್ಯೆ ನೋಡಿ ಸಾಲಾಗಿ ಜೋಡಿಸಿ.

ತೊಳೆಸದ ರೋಲು ಸಿಕ್ಕಿದರೆ ಅಥವಾ ಹಳೆ ಕ್ಯಾಮೆರಾದೊಳಗೆ ರೋಲಿದೆ ಎಂಬ ಅನುಮಾನವಿದ್ದರೆ ಹಿಂಬಾಗಿಲು ತೆರೆಯಬೇಡಿ. ಮೊದಲು ಪೂರ್ತಿ ಹಿಂದಕ್ಕೆ ಸುತ್ತಿ. ರೋಲಿನ ಮೇಲೆ ಸಿ-41 (ಬಣ್ಣದ ನೆಗೆಟಿವ್ ತೊಳೆಯುವ ಸಾಮಾನ್ಯ ವಿಧಾನ) ಎಂದಿದ್ದರೆ ಈಗಲೂ ತೊಳೆಸಬಹುದು, ಚಿತ್ರ ಮಂಜಾಗಿ ಬಂದೀತು. ಕೊಡಾಕ್ರೋಮ್ ಎಂಬ ಬಣ್ಣದ ಸ್ಲೈಡ್ ಫಿಲ್ಮ್ ಆಗಿದ್ದರೆ ಅದರ ಬಣ್ಣದ ಸಂಸ್ಕರಣೆ 2010ರ ಕೊನೆಗೇ ನಿಂತಿದೆ. ಕಪ್ಪು-ಬಿಳುಪಾಗಿ ಮಾತ್ರ ತೊಳೆಯಬಹುದು, ಅದೂ ಅನುಭವಿ ಲ್ಯಾಬಿನಲ್ಲಿ.

ಹಂತ 3: ಮೂಸಿ, ನೋಡಿ, ಬೇರ್ಪಡಿಸಿ

ಈ ಹಂತಕ್ಕೆ ಒಂದು ಇಡೀ ಹಗಲು ಕೊಡಿ. ಕೆಟ್ಟ ಫಿಲ್ಮ್ ಒಳ್ಳೆಯ ಫಿಲ್ಮಿಗೂ ಹರಡುತ್ತದೆ.

ಕಟು ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಒಡೆಯಲು ಶುರುವಾಗಿದೆ. ಸೆಖೆ ಮತ್ತು ತೇವ ಸೇರಿದಾಗ ಫಿಲ್ಮಿನ ತಳದಿಂದ ಅಸಿಟಿಕ್ ಆಮ್ಲ ಹೊರಬರುತ್ತದೆ, ಹೊರಬಂದ ಆಮ್ಲವೇ ಒಡೆಯುವುದನ್ನು ಇನ್ನಷ್ಟು ವೇಗಗೊಳಿಸುತ್ತದೆ, ಪಕ್ಕದ ಫಿಲ್ಮಿಗೂ ತಗಲುತ್ತದೆ. ಫಿಲ್ಮ್ ಸುರುಳಿಯಾಗುವುದು, ಕುಗ್ಗುವುದು, ಚಿತ್ರದ ಪದರದಲ್ಲಿ ಗೆರೆಗೆರೆಯಾಗಿ ಸುಕ್ಕು ಬೀಳುವುದು ಇದರ ಮುಂದಿನ ಹೆಜ್ಜೆ. ಇದಕ್ಕೆ ಮದ್ದಿಲ್ಲ. ಇವನ್ನು ಬೇರೆ ಕೋಣೆಗೆ ಹಾಕಿ, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ.

ಕಂದು ಬಣ್ಣಕ್ಕೆ ತಿರುಗಿ, ಅಂಟಂಟಾಗಿ, ಮೂಗಿಗೆ ಬಡಿಯುವ ಕೆಟ್ಟ ವಾಸನೆ ಬೀರುವ ಫಿಲ್ಮಿನ ಅಂಚಿನಲ್ಲಿ 'ಸೇಫ್ಟಿ' ಎಂಬ ಅಚ್ಚು ಇಲ್ಲದಿದ್ದರೆ ಅದು ನೈಟ್ರೇಟ್ ಎಂಬ ಹಳೆ ಬಗೆಯ ಫಿಲ್ಮ್ ಇರಬಹುದು. ಕೊಡಾಕ್ ಕಂಪನಿ ನೈಟ್ರೇಟ್ ಫಿಲ್ಮ್ ತಯಾರಿಕೆ ನಿಲ್ಲಿಸಿದ್ದು 1950ರ ದಶಕದ ಆರಂಭದಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಪೆಟ್ಟಿಗೆಗಳಲ್ಲಿ ಇದರ ಭಯವಿದೆ. ಭೀಕರವಾಗಿ ಉರಿಯುವ ವಸ್ತು ಇದು. ಒಮ್ಮೆ ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ. ಬಿಸಿಲು, ಬಿಸಿ ದೀಪ, ಫ್ಲಾಟ್‌ಬೆಡ್ ಸ್ಕ್ಯಾನರ್, ದೇವರ ಕೋಣೆಯ ದೀಪ ಎಲ್ಲದರಿಂದ ದೂರವಿಟ್ಟು ಸಂರಕ್ಷಣಾ ತಜ್ಞರನ್ನು ಕೇಳಿ. ನೀವೇ ಶುಚಿ ಮಾಡಲು ಹೋಗಬೇಡಿ.

ಜೇಡರ ಬಲೆಯಂತೆ, ನರಗಳಂತೆ ಕವಲೊಡೆದ ಗೆರೆ ಕಂಡರೆ ಅದು ಬೂಷ್ಟು. ನಮ್ಮ ಕಡೆ ಹೆಚ್ಚು ಕಾಣುವುದು ಇದೇ. ಕಪ್ಪು-ಬಿಳುಪು ನೆಗೆಟಿವ್‌ನ ಅಂಚಿನಲ್ಲಿ ನೀಲಿ ಛಾಯೆಯ ಕನ್ನಡಿಹೊಳಪು ಕಂಡರೆ ಬೆಳ್ಳಿ ಮೇಲಕ್ಕೆ ಬಂದಿದೆ ಎಂದರ್ಥ. ಒರೆಸಿದರೆ ಹೋಗುವುದಿಲ್ಲ, ಉಜ್ಜಿದರೆ ಚಿತ್ರವೇ ಹೋಗುತ್ತದೆ. ಹಾಗೇ ಬಿಡಿ.

ಒಂದಕ್ಕೊಂದು ಅಂಟಿದ ಪಟ್ಟಿಗಳನ್ನು ಎಳೆದು ಬಿಡಿಸಬೇಡಿ. ಒಂದರ ಚಿತ್ರ ಇನ್ನೊಂದರ ಬೆನ್ನಿಗೆ ಹೋಗುತ್ತದೆ. ಬದಿಗಿಡಿ, ತಜ್ಞರ ಕೆಲಸವದು. ಗಾಜಿನ ಪ್ಲೇಟ್ ಸಿಕ್ಕಿದರೆ ಉದ್ದ ಬದಿಯ ಮೇಲೆ ನಿಲ್ಲಿಸಿಡಿ. ಮಲಗಿಸಿ ಪೇರಿಸಿದರೆ ಅಡಿಯದ್ದು ಬಿರಿಯುತ್ತದೆ.

ಹಂತ 4: ಶುಚಿ ಮಾಡುವುದು, ಆದಷ್ಟು ಕಡಿಮೆ

ಮೊದಲು ಬ್ಲೋವರ್, ಆಮೇಲೆ ಬ್ರಷ್. ನೂರರಲ್ಲಿ ಹೆಚ್ಚಿನವಕ್ಕೆ ಇಷ್ಟೇ ಸಾಕು. ಬಾಯಿಂದ ಊದಬೇಡಿ, ಎಂಜಲಿನ ತೇವ ಕಲೆಯಾಗುತ್ತದೆ.

ಬೂಷ್ಟು ಹಿಡಿದದ್ದಕ್ಕೆ ನೀರು ತಾಗಿಸಲೇಬಾರದು. ಬೂಷ್ಟು ಬೆಳೆದ ಕಡೆ ಜಿಲೆಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ. ಒದ್ದೆ ಹತ್ತಿ ಆಡಿಸಿದರೆ ಆಕಾಶದ ಜೊತೆ ಗುಡ್ಡವೂ ಎದ್ದು ಬರುತ್ತದೆ. ಪ್ಯಾಡಿಗೆ 99ರ ಆಲ್ಕೋಹಾಲ್ ನಾಲ್ಕು ಹನಿ ಹಾಕಿ, ಮೊದಲು ಚಿತ್ರವಿಲ್ಲದ ಅಂಚಿನಲ್ಲಿ ಪರೀಕ್ಷಿಸಿ. ಬಣ್ಣ ಪ್ಯಾಡಿಗೆ ಬಂದರೆ ನಿಲ್ಲಿಸಿ. ಬಾರದಿದ್ದರೆ ಹೊಳೆಯುವ ಬದಿಯಿಂದ ಶುರು ಮಾಡಿ, ಒಂದೇ ದಿಕ್ಕಿಗೆ, ಒತ್ತದೆ, ಪ್ರತಿ ಸಲ ಪ್ಯಾಡಿನ ಹೊಸ ಭಾಗ. ಮಾಸಲು ಬದಿ ಚಿತ್ರದ ಬದಿ; ಅಲ್ಲಿ ಅಗತ್ಯವಿದ್ದಷ್ಟೇ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಇರಬಾರದು. ಬೂಷ್ಟು ಕೊರೆದ ಗೆರೆ ಉಳಿದೇ ಉಳಿಯುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದು, ಉಜ್ಜಿ ಕಳೆದ ಚಿತ್ರವನ್ನು ಎಲ್ಲಿಯೂ ಸರಿಪಡಿಸಲಾಗದು.

ಹಂತ 5: ಸ್ಕ್ಯಾನ್

ಮೊದಲು ಲೈಟ್ ಪ್ಯಾಡಿನ ಮೇಲೆ ಪಟ್ಟಿಗಳನ್ನಿಟ್ಟು ಮೊಬೈಲಿನಲ್ಲಿ ಒಂದು ಸೂಚಿಚಿತ್ರ ತೆಗೆದು, ಬಣ್ಣ ತಿರುಗಿಸಿ (ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ) ನೋಡಿ. ಮೊಬೈಲಿನ ಕೆಲಸ ಇಲ್ಲಿಗೆ ಮುಗಿಯಿತು. ಯಾವ ಫ್ರೇಮ್ ದೊಡ್ಡದಾಗಿ ಸ್ಕ್ಯಾನ್ ಆಗಬೇಕೆಂದು ಇದರಿಂದ ಆರಿಸಿಕೊಳ್ಳಿ.

ಫ್ಲಾಟ್‌ಬೆಡ್ ಇದ್ದರೆ: 35 ಮಿಲಿಮೀಟರ್ ಫಿಲ್ಮಿಗೆ 3200 ಡಿಪಿಐ, ಅದಕ್ಕಿಂತ ಅಗಲದ 120 ರೋಲಿಗೆ 2400 ಸಾಕು. 3200ರಲ್ಲಿ 24×36 ಮಿಲಿಮೀಟರ್ ಫ್ರೇಮ್ ಸುಮಾರು 13.7 ಮೆಗಾಪಿಕ್ಸೆಲ್ ಆಗುತ್ತದೆ. 48 ಬಿಟ್ ಟಿಫ್ ಆಗಿ ಉಳಿಸಿದರೆ 80 ಎಂಬಿ ದಾಟುತ್ತದೆ, 36 ಫ್ರೇಮಿನ ರೋಲಿಗೆ ಹೆಚ್ಚುಕಡಿಮೆ 3 ಜಿಬಿ. ಡಬ್ಬಿಯ ಮೇಲೆ ಬರೆದ 6400, 12800 ನೋಡಿ ಮರುಳಾಗಬೇಡಿ. ಮನೆಬಳಕೆಯ ಫ್ಲಾಟ್‌ಬೆಡ್‌ನ ಲೆನ್ಸ್ ಅಷ್ಟು ವಿವರ ಹಿಡಿಯುವುದಿಲ್ಲ, ಫೈಲು ಮಾತ್ರ ದಪ್ಪವಾಗುತ್ತದೆ. ಸ್ಕ್ಯಾನರಿನ ಶಾರ್ಪನಿಂಗ್, ಆಟೊ ಕಾಂಟ್ರಾಸ್ಟ್ ಎರಡನ್ನೂ ಆಫ್ ಮಾಡಿ. ಧೂಳು ಅಳಿಸುವ ಐಸಿಇ ಸೌಲಭ್ಯವನ್ನು ಬಣ್ಣದ ನೆಗೆಟಿವ್‌ಗೆ ಬಳಸಬಹುದು. ಅದು ಅವಕೆಂಪು ಕಿರಣದಿಂದ ಧೂಳು ಗುರುತಿಸುತ್ತದೆ. ಕಪ್ಪು-ಬಿಳುಪಿನ ಬೆಳ್ಳಿ ಆ ಕಿರಣವನ್ನೂ ತಡೆಯುವುದರಿಂದ ಅಲ್ಲಿ ಚಿತ್ರವನ್ನೇ ಧೂಳೆಂದು ತಿಳಿದು ಅಳಿಸುತ್ತದೆ. ಕೊಡಾಕ್ರೋಮ್‌ನಲ್ಲೂ ಎಡವುತ್ತದೆ.

ಕ್ಯಾಮೆರಾ ಮತ್ತು ಮ್ಯಾಕ್ರೊ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು, ವೇಗವೂ ಹೆಚ್ಚು. ಕ್ರಮ ಹೀಗೆ:

1. ಲೈಟ್ ಪ್ಯಾಡಿನ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 95 ಅಥವಾ ಹೆಚ್ಚಿರಲಿ. ಫಿಲ್ಮನ್ನು ಅದರ ಮೇಲೆ ನೇರವಾಗಿ ಇಡದೆ 2-3 ಸೆಂಟಿಮೀಟರ್ ಎತ್ತರದ ಹೋಲ್ಡರಿನಲ್ಲಿಡಿ, ಪ್ಯಾಡಿನ ಧೂಳು ಫೋಕಸಿಗೆ ಬರುವುದಿಲ್ಲ. ಫ್ರೇಮಿನ ಸುತ್ತ ಕಪ್ಪು ಕಾಗದ ಮುಚ್ಚಿ, ಕೋಣೆ ಕತ್ತಲು ಮಾಡಿ.
2. ಕ್ಯಾಮೆರಾ ಸಮಾನಾಂತರ ಇದೆಯೇ ನೋಡಲು ಫಿಲ್ಮ್ ಇರುವ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬರುವವರೆಗೆ ಹೊಂದಿಸಿ. ಒಂದು ಮೂಲೆ ಸ್ಪಷ್ಟ, ಇನ್ನೊಂದು ಮೂಲೆ ಮಸುಕು ಎಂಬ ದೂರಿನ ಕಾರಣ ಹೆಚ್ಚಾಗಿ ಇದೇ.
3. ಐಎಸ್‌ಒ 100, ಎಫ್/8, ರಾ ಫೈಲು, 2 ಸೆಕೆಂಡ್ ಟೈಮರ್. ಫೋಕಸನ್ನು ದೊಡ್ಡದು ಮಾಡಿ ಫಿಲ್ಮಿನ ಕಣಗಳ ಮೇಲೆ ಕೈಯಿಂದ ಹೊಂದಿಸಿ.
4. ಚಿತ್ರವಿಲ್ಲದ ಖಾಲಿ ಅಂಚು ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಬಲ ಗೋಡೆಗೆ ತಾಗದಂತೆ ಎಕ್ಸ್‌ಪೋಶರ್ ಕಟ್ಟಿ. ಇಡೀ ರೋಲಿಗೆ ಅದನ್ನು ಬದಲಿಸಬೇಡಿ.
5. ಆ ಖಾಲಿ ಅಂಚಿನದ್ದೇ ಒಂದು ಫೋಟೊ ತೆಗೆದಿಡಿ. ಬಣ್ಣದ ನೆಗೆಟಿವ್‌ನ ಕಿತ್ತಳೆ ತಳಬಣ್ಣ ಕಳೆಯಲು ಬೇಕಾಗುತ್ತದೆ.
6. ಪ್ರತಿ ಪಟ್ಟಿಯ ಒಂದು ಚಿತ್ರದಲ್ಲಾದರೂ ಅಂಚಿನ ಅಕ್ಷರ, ಅಂಕೆ ಕಾಣುವಂತೆ ಅಗಲವಾಗಿ ತೆಗೆಯಿರಿ.

ಕೊನೆಯದನ್ನು ಬಿಡುವವರೇ ಹೆಚ್ಚು. ಯಾಕೆ ಬೇಕೆಂದು 7ನೇ ಹಂತದಲ್ಲಿದೆ.

ಹಂತ 6: ಬಣ್ಣ ತಿರುಗಿಸುವುದು

ಡಾರ್ಕ್‌ಟೇಬಲ್ ಎಂಬ ಫೋಟೊ ತಂತ್ರಾಂಶದ ನೆಗಾಡಾಕ್ಟರ್ ಉಚಿತ, ಒಳ್ಳೆಯದು. ಖಾಲಿ ಅಂಚಿನಿಂದ ಫಿಲ್ಮಿನ ತಳಬಣ್ಣ ಆರಿಸಿದರೆ ಉಳಿದದ್ದು ಸುಲಭ. ಲೈಟ್‌ರೂಮ್ ಇದ್ದವರಿಗೆ ನೆಗೆಟಿವ್ ಲ್ಯಾಬ್ ಪ್ರೊ ಇದೆ. ಕಪ್ಪು-ಬಿಳುಪಿಗೆ ಗಿಂಪ್‌ನಲ್ಲಿ ಬಣ್ಣ ತಿರುಗಿಸಿ ಕರ್ವ್ ಹೊಂದಿಸಿದರೆ ಸಾಕು.

ಎಷ್ಟೋ ಹಳೆ ಬಣ್ಣದ ಸ್ಲೈಡ್‌ಗಳು ಪೂರ್ತಿ ಕೆನ್ನೇರಳೆಗೆ ತಿರುಗಿರುತ್ತವೆ. ಕತ್ತಲಲ್ಲಿಟ್ಟರೂ ಹಲವು ಫಿಲ್ಮ್‌ಗಳಲ್ಲಿ ಸಯಾನ್ ಬಣ್ಣ ಮೊದಲು ಮಾಸುತ್ತದೆ. ಕೆಂಪು, ಹಸಿರು, ನೀಲಿ ಮೂರು ಚಾನೆಲ್‌ಗಳ ಲೆವೆಲ್ ಬೇರೆ ಬೇರೆಯಾಗಿ ಹಿಗ್ಗಿಸಿ. ಆಟೊ ವೈಟ್ ಬ್ಯಾಲೆನ್ಸ್ ಒತ್ತಬೇಡಿ. ನಮ್ಮ ಮುರಕಲ್ಲಿನ ಗುಡ್ಡ ನಿಜವಾಗಿಯೂ ಕೆಂಪು, ಮಳೆಗಾಲದ ಗದ್ದೆ ನಿಜವಾಗಿಯೂ ಕಣ್ಣು ಕುಕ್ಕುವ ಹಸಿರು. ಯಂತ್ರ ಅದನ್ನು ದೋಷವೆಂದು ತಿಳಿದು ಬೂದು ಮಾಡುತ್ತದೆ. ಸುಣ್ಣ ಬಳಿದ ಗೋಡೆ, ತೆರೆಯ ನೊರೆ, ಬಿಳಿ ಮುಂಡು, ಇವುಗಳಲ್ಲೊಂದನ್ನು ಬಿಳಿಯೆಂದು ಹಿಡಿದು ಹೊಂದಿಸಿ.

ಹಂತ 7: ಜಾಗ, ದಿಕ್ಕು, ಕಾಲ

ಮೊದಲು ಎಡಬಲ. ಫಿಲ್ಮಿನ ಹೊಳೆಯುವ ಬದಿ ನಿಮ್ಮತ್ತ ಇದ್ದಾಗ ಅಂಚಿನ ಅಕ್ಷರ ಸರಿಯಾಗಿ ಓದಲು ಬರಬೇಕು. ಆಗ ಕಾಣುವ ಚಿತ್ರವೇ ಸರಿಯಾದದ್ದು. ಮಾಸಲು ಬದಿಯಿಂದ ಸ್ಕ್ಯಾನ್ ಮಾಡಿದ್ದರೆ ಎಡಬಲ ತಿರುಗಿಸಬೇಕು. ನಮ್ಮ ಕರಾವಳಿಯಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕಾಪುವಿನಿಂದ ಉತ್ತರಕ್ಕೆ ನೋಡಿದರೆ ಸಮುದ್ರ ಎಡಗಡೆ. ಚಿತ್ರ ಎಡಬಲವಾದರೆ ಸಮುದ್ರ ಬಲಕ್ಕೆ ಬರುತ್ತದೆ, ದಕ್ಷಿಣಕ್ಕೆ ನೋಡಿ ತೆಗೆದ ಹಾಗೇ ಕಾಣುತ್ತದೆ. ಬೆಳಗಿನ ಬಿಸಿಲು, ಸಂಜೆಯ ಬಿಸಿಲು ಕೂಡ ಆ ಸುಳ್ಳು ದಿಕ್ಕಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಹಿಡಿಯುವ ದಾರಿ ಎರಡು: ಅಂಚಿನ ಅಕ್ಷರ, ಇಲ್ಲವೇ ಮಧ್ಯಾಹ್ನದ ನೆರಳು. ಚಳಿಗಾಲದ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕಿದ್ದು ನೆರಳು ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕಿರುತ್ತಾನೆ, ಅದು ನೆನಪಿರಲಿ.

ಜಾಗಕ್ಕೆ ಗುಡ್ಡದ ಸಾಲನ್ನು ನಂಬಿ, ಮರಳನ್ನು ನಂಬಬೇಡಿ. ನೇತ್ರಾವತಿ-ಗುರುಪುರ ನದಿಗಳ ಅಳಿವೆ, ಸ್ವರ್ಣಾ-ಸೀತಾ ಸೇರುವ ಕೋಡಿ ಬೆಂಗ್ರೆ, ಇಂಥ ಕಡೆ ಮರಳ ದಿಣ್ಣೆ ಸರಿಯುತ್ತಲೇ ಇರುತ್ತದೆ. ಇಂದಿನ ಉಪಗ್ರಹ ಚಿತ್ರಕ್ಕೆ ಹೊಂದಲಿಲ್ಲವೆಂದು ಜಾಗ ತಪ್ಪೆನ್ನಬೇಡಿ. ಗೂಗಲ್ ಅರ್ಥ್‌ನಲ್ಲಿ ನೆಲಮಟ್ಟಕ್ಕೆ ಇಳಿದು, ಪೂರ್ವಕ್ಕೆ ತಿರುಗಿ, ಘಟ್ಟದ ಗೆರೆಯನ್ನು ಚಿತ್ರದ ಗೆರೆಗೆ ಹೋಲಿಸಿ. ಗಡಾಯಿಕಲ್ಲು, ಕೊಡಚಾದ್ರಿಗಳ ಆಕಾರ ಬೇರೆ ಯಾವುದಕ್ಕೂ ಹೋಲುವುದಿಲ್ಲ. ಎರಡು ಶಿಖರಗಳ ನಡುವಿನ ಅಂತರ ಹೊಂದಿದರೆ ಕ್ಯಾಮೆರಾ ನಿಂತ ಜಾಗ ಬಹಳ ಹತ್ತಿರಕ್ಕೆ ಸಿಗುತ್ತದೆ.

ಕಾಲಕ್ಕೆ ಸುಳಿವುಗಳು ಫಿಲ್ಮಿನಲ್ಲೂ ಇವೆ, ಚಿತ್ರದಲ್ಲೂ ಇವೆ. ಅಂಚಿನಲ್ಲಿ 'ಓರ್ವೊ' ಎಂದಿದ್ದರೆ 1964ರ ನಂತರ. 'ಇಂಡು' ಎಂದಿದ್ದರೆ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನದು, 1960ರ ದಶಕದ ಉತ್ತರಾರ್ಧದ ಈಚೆಗಿನದು. ಅಂಚಿನಲ್ಲಿ ಸಣ್ಣ ಬಾರ್‌ಕೋಡ್ ಇದ್ದರೆ 1983ರ ನಂತರ. ಪಣಂಬೂರಿನ ಕಡಲಲ್ಲಿ ಬಂದರಿನ ತಡೆಗೋಡೆ ಕಾಣದಿದ್ದರೆ 1970ರ ದಶಕದ ಮೊದಲಿನದಿರಬಹುದು. ನವಮಂಗಳೂರು ಬಂದರು ಪ್ರಧಾನ ಬಂದರೆಂದು ಘೋಷಣೆಯಾದದ್ದು 1974ರಲ್ಲಿ. ಕೊಂಕಣ ರೈಲಿನ ಹಳಿ ಕಂಡರೆ 1990ರ ದಶಕ ಅಥವಾ ಈಚೆ. ವಾಹನದಲ್ಲಿ ಕೆಎ-19 ಅಥವಾ ಕೆಎ-20 ಓದಲು ಬಂದರೆ 1989ರ ಆಸುಪಾಸು ಅಥವಾ ಈಚೆ. ದಡದಲ್ಲಿ ಹತ್ತಾರು ಜನ ರಂಪಣಿ ಬಲೆ ಎಳೆಯುತ್ತಿದ್ದರೆ, ದೋಣಿಯಿಂದ ಬೀಸುವ ಪರ್ಸೀನ್ ಬಲೆ ಎಲ್ಲೆಡೆ ಬಳಕೆಗೆ ಬರುವ ಮುಂಚಿನ ಕಾಲದ ಸಾಧ್ಯತೆ ಹೆಚ್ಚು. ಮುಳಿಹುಲ್ಲು, ಹಂಚು, ತಾರಸಿ, ಮಾಡಿನ ಮೇಲಿನ ಆಂಟೆನಾ, ಒಂದೊಂದೂ ಮಾತನಾಡುತ್ತದೆ.

ತಿಂಗಳನ್ನು ಗದ್ದೆ ಹೇಳುತ್ತದೆ. ಎತ್ತರದ ಬೆಟ್ಟು ಗದ್ದೆಯಲ್ಲೂ ನೀರು ನಿಂತು ನೇಜಿ (ಭತ್ತದ ಸಸಿ) ಇದ್ದರೆ ಮಳೆಗಾಲದ ಏಣೆಲು ಬೆಳೆಯ ನಾಟಿ, ಅಂದರೆ ಜೂನ್-ಜುಲೈ. ಬೆಟ್ಟು ಒಣಗಿ ತಗ್ಗಿನ ಬೈಲು ಗದ್ದೆ ಮಾತ್ರ ಹಸಿರಿದ್ದರೆ ಸುಗ್ಗಿ ಅಥವಾ ಕೊಳಕೆ ಬೆಳೆ, ಮಳೆಗಾಲ ಕಳೆದ ಮೇಲಿನದು. ದೋಣಿಗಳೆಲ್ಲ ದಡ ಹತ್ತಿ ಮಡಲಿನ ಮರೆಯಲ್ಲಿದ್ದರೆ ಮಳೆಗಾಲ.

ಕೊನೆಗೆ ಹಿರಿಯರು. ಮೊಬೈಲ್ ತೋರಿಸಬೇಡಿ, ಎ4 ಪ್ರಿಂಟ್ ಕೈಗೆ ಕೊಡಿ. 'ಇದು ಪಡುಬಿದ್ರಿ ಅಲ್ವಾ ಅಜ್ಜಾ?' ಎಂದರೆ 'ಹೌದು ಹೌದು' ಎಂದೇ ಉತ್ತರ ಬರುತ್ತದೆ. 'ಇದು ಯಾವ ಜಾಗ ಅಂತ ಗೊತ್ತಾಗ್ತದಾ ಅಜ್ಜಾ?' ಎಂದು ಕೇಳಿ ಸುಮ್ಮನೆ ಕೂರಿ. ಒಬ್ಬರು ಹೇಳಿದ್ದು ಗೊತ್ತಿಲ್ಲದ ಇನ್ನೊಬ್ಬರೂ ಅದೇ ಹೆಸರು ಹೇಳಿದರೆ ಮಾತ್ರ ಖಚಿತವೆಂದು ಬರೆಯಿರಿ. ಇಲ್ಲದಿದ್ದರೆ 'ಇರಬಹುದು' ಎಂದು ಬರೆಯುವುದರಲ್ಲಿ ನಾಚಿಕೆಯಿಲ್ಲ.

ಹಂತ 8: ವಿವರ ಬರೆದಿಡುವುದು

ಫೈಲಿನ ಹೆಸರಿನಲ್ಲಿ 2ನೇ ಹಂತದ ಸಂಖ್ಯೆಯಿರಲಿ, ವಿವರ ಫೈಲಿನೊಳಗೇ ಉಳಿಯುವ ಐಪಿಟಿಸಿ ಕ್ಯಾಪ್ಷನ್ ಎಂಬ ಅಂಕಣದಲ್ಲಿ ಕನ್ನಡದಲ್ಲಿರಲಿ. ಡಿಜಿಕ್ಯಾಮ್ ಎಂಬ ಫೋಟೊ ತಂತ್ರಾಂಶದಲ್ಲಿ ಇದು ಸುಲಭ. ಜಾಗ, ನೋಡಿದ ದಿಕ್ಕು, ಅಂದಾಜು ಕಾಲ, ಯಾವ ಸುಳಿವಿನಿಂದ ಗೊತ್ತಾಯಿತು, ತೆಗೆದವರು, ಮೂಲ ಎಲ್ಲಿದೆ. ಮಂಗಳೂರು, ಕುಡ್ಲ, ಕಾಪು, ಕೌಪ್, ಹೀಗೆ ಎಲ್ಲ ಹೆಸರನ್ನೂ ಹಾಕಿದರೆ ಹುಡುಕುವವರಿಗೆ ಸಿಗುತ್ತದೆ.

ಒಂದು ಎಚ್ಚರ: ಫೈಲು ಸ್ಕ್ಯಾನ್ ಮಾಡಿದ ದಿನವನ್ನೇ ಚಿತ್ರ ತೆಗೆದ ದಿನವಾಗಿ ಹಿಡಿದುಕೊಳ್ಳುತ್ತದೆ, 1968ರ ಗದ್ದೆ ಈ ವರ್ಷದ್ದಾಗಿ ಬಿಡುತ್ತದೆ. ಅದನ್ನು ತಿದ್ದಿ.

ಹಂತ 9: ಹಂಚುವುದು

ನೆಗೆಟಿವ್ ನಿಮ್ಮ ಕಪಾಟಿನಲ್ಲಿದ್ದ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ. 2012ರ ತಿದ್ದುಪಡಿಯ ನಂತರ ನಮ್ಮ ಕಾನೂನಿನಲ್ಲಿ ಫೋಟೊದ ಹಕ್ಕುಸ್ವಾಮ್ಯ ತೆಗೆದವರ ಜೀವಿತಾವಧಿ ಮತ್ತು ನಂತರದ 60 ವರ್ಷ. ತೆಗೆದವರು ತೀರಿಹೋಗಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಪಡೆಯಿರಿ. ದೊಡ್ಡಪ್ಪನ ಮಕ್ಕಳನ್ನು ಕೇಳದೆ ಹಾಕಿ ಮನಸ್ತಾಪವಾಗುವುದು ಬೇಡ. ನಾಗಬನ, ದೈವಸ್ಥಾನ, ಮನೆಯಂಗಳ ಕಾಣುವ ಚಿತ್ರಕ್ಕೆ ಆ ಮನೆಯವರನ್ನೂ ಕೇಳಿ, ನಿಖರ ಜಿಪಿಎಸ್ ಹಾಕಬೇಡಿ.

ಹಂಚುವ ಪ್ರತಿ ಬೇರೆ ಮಾಡಿ: ಉದ್ದ ಬದಿ 2048 ಪಿಕ್ಸೆಲ್, ಬಣ್ಣದ ಪದ್ಧತಿ ಎಸ್‌ಆರ್‌ಜಿಬಿ, ಜೆಪೆಗ್ ಗುಣಮಟ್ಟ 85. ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದರೆ ಕೆಲವರ ಫೋನಿನಲ್ಲಿ ಬಣ್ಣ ಸಪ್ಪೆಯಾಗುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ, ಒಳಗಿನ ವಿವರವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ವಿವರವನ್ನು ಸಂದೇಶದಲ್ಲೂ ಬರೆಯಿರಿ. ಬಹುಕಾಲ ಉಳಿಯಬೇಕಾದರೆ ವಿಕಿಮೀಡಿಯಾ ಕಾಮನ್ಸ್ ಒಳ್ಳೆಯದು, ಅಲ್ಲಿ ಪೂರ್ಣ ಗಾತ್ರದ್ದನ್ನೇ ಹಾಕಿ. ಆದರೆ ಅಲ್ಲಿನ ಮುಕ್ತ ಪರವಾನಗಿಯನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು, ಮೊದಲೇ ಯೋಚಿಸಿ.

ಎಐ ಬಳಸಿ ಬಣ್ಣ ತುಂಬಿದ, ದೊಡ್ಡದು ಮಾಡಿದ ಪ್ರತಿಯನ್ನು ಹಳೆ ಚಿತ್ರವೆಂದು ಹಂಚಬೇಡಿ. ಅದು ಇಲ್ಲದ ಕಿಟಕಿ, ಇಲ್ಲದ ಮರ ಸೇರಿಸುತ್ತದೆ. ನಾಳೆ ಯಾರೋ ಆ ಚಿತ್ರ ನೋಡಿ ಹೊಳೆದಡದ ಗಡಿ ಎಲ್ಲಿತ್ತೆಂದು ಹುಡುಕಿದರೆ ಸುಳ್ಳೇ ಸಿಗುತ್ತದೆ.

ಹಂತ 10: ಮತ್ತೆ ಒಳಗಿಡುವುದು

ಸ್ಕ್ಯಾನ್ ಆಯಿತೆಂದು ಫಿಲ್ಮ್ ಬಿಸಾಡಬೇಡಿ. ಹಾರ್ಡ್ ಡಿಸ್ಕ್ ಹೇಳದೆ ಕೇಳದೆ ಸಾಯುತ್ತದೆ. ಫೈಲುಗಳ ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಫಿಲ್ಮಿಗೆ ಪಾಲಿಪ್ರೊಪಿಲೀನ್ ಸ್ಲೀವ್. ಮೆತ್ತಗಿದ್ದು ವಾಸನೆ ಬೀರುವ ಪಿವಿಸಿ ಹಾಳೆ ಬೇಡ, ನುಸಿಗುಳಿಗೆ ಬೇಡ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ, ಒಳಗಿನ ತೇವ ಶೇಕಡಾ 30ರಿಂದ 50. ಹುಳಿ ವಾಸನೆಯವನ್ನು ಮಾತ್ರ ಬಿಗಿ ಡಬ್ಬಿಗೆ ಹಾಕಬೇಡಿ, ಆಮ್ಲ ಒಳಗೇ ಕೂಡುತ್ತದೆ. ಗಾಳಿಯಾಡುವ ಕಾಗದದ ಪೆಟ್ಟಿಗೆಯಲ್ಲಿ ಬೇರೆಯೇ ಇಡಿ. ಹಂಚಿನ ಮಾಡಿನಡಿಯ ಅಟ್ಟ ಸೆಖೆಗೆ, ಮಳೆ ಹೊಡೆಯುವ ಪಶ್ಚಿಮದ ಗೋಡೆ ಥಂಡಿಗೆ, ಎರಡೂ ಬೇಡ. ಮನೆಯ ನಡುಕೋಣೆಯ ಕಪಾಟಿನ ನಡುವಿನ ತಟ್ಟೆ ಸರಿ. ನವರಾತ್ರಿ ಕಳೆದ ಮೇಲೆ ಒಣ ದಿನ ನೋಡಿ ಡಬ್ಬಿ ತೆರೆದು ಮೂಸಿ, ಬಣ್ಣ ತಿರುಗಿದ ಸಿಲಿಕಾ ಜೆಲ್ ಬದಲಿಸಿ, ನೋಡಿದ ತಾರೀಕನ್ನು ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ.